ಪ್ರತಿಕ್ರಿಯೆ: ಆಸ್ಪತ್ರೆಯ ನರವೈದ್ಯರಿಗೆ ಪ್ರತ್ಯೇಕ ಸಾಮರ್ಥ್ಯಗಳ ಪಟ್ಟಿ ಏಕೆ?

ನರವಿಜ್ಞಾನದ ತಜ್ಞ ಪದವಿ ಇರುವಾಗ, ಒಳರೋಗಿಗಳನ್ನಷ್ಟೇ ನೋಡುವ ವೈದ್ಯರಿಗೆ ಬೇರೆಯೇ ಸಾಮರ್ಥ್ಯಗಳನ್ನು ನಿಗದಿಪಡಿಸುವ ಅಗತ್ಯವೇನು ಎಂದು ತಾವು ಕೇಳಿದ್ದೀರಿ. ಒಳರೋಗಿಗಳ ಆರೈಕೆಯನ್ನೇ ಮುಖ್ಯ ವೃತ್ತಿಯಾಗಿಸಿಕೊಂಡವರಿಗೆ ಅಮೆರಿಕದಲ್ಲಿ ‘ಹಾಸ್ಪಿಟಲಿಸ್ಟ್’ ಎಂಬ ಹೆಸರು ಬಂದದ್ದು 1996ರಲ್ಲಿ. ನರವಿಜ್ಞಾನದಲ್ಲಿ ಅದು ‘ನ್ಯೂರೋಹಾಸ್ಪಿಟಲಿಸ್ಟ್’ ಆಯಿತು. ಪದವಿ ಜ್ಞಾನಕ್ಕೆ ಸಾಕ್ಷಿ, ನಿಜ; ಆದರೆ ಗಡಿಯಾರದ ಒತ್ತಡದಲ್ಲಿ ಆ ಜ್ಞಾನ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಪಾರ್ಶ್ವವಾಯುವನ್ನೇ ತೆಗೆದುಕೊಳ್ಳಿ. ಬೆಳಗ್ಗೆ 6ಕ್ಕೆ ಎದ್ದಾಗ ಬಲಗೈ ಎತ್ತಲಾಗದ ರೋಗಿಯನ್ನು 7ಕ್ಕೆ ಕರೆತಂದರೆ, ಮನೆಯವರ ಲೆಕ್ಕದಲ್ಲಿ ಕಳೆದದ್ದು ಒಂದೇ ಗಂಟೆ. ವೈದ್ಯರ ಲೆಕ್ಕ ಶುರುವಾಗುವುದು ಮಾತ್ರ ಹಿಂದಿನ ರಾತ್ರಿ ಅವರನ್ನು ಸರಿಯಾಗಿದ್ದಂತೆ ಕೊನೆಯ ಬಾರಿ ಕಂಡ ಹೊತ್ತಿನಿಂದ. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯ ಮಿತಿ 4.5 ಗಂಟೆ; ಅದು ಮೀರಿದ್ದರೂ, ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ, ಸ್ಕ್ಯಾನ್ ಆಧರಿಸಿ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಕೊಳವೆಯ ಮೂಲಕ ಹೆಪ್ಪನ್ನು ಹೊರತೆಗೆಯಬಹುದು. ಆದ್ದರಿಂದ ‘ಪಾರ್ಶ್ವವಾಯುವಿನ ಜ್ಞಾನವಿರಬೇಕು’ ಎಂದರೆ ಅದು ಸಾಮರ್ಥ್ಯದ ವ್ಯಾಖ್ಯೆಯಾಗದು; ಆ ಹೊತ್ತನ್ನು ಮನೆಯವರಿಂದ ಕೇಳಿ ಖಚಿತಪಡಿಸಿಕೊಂಡು, ಸ್ಕ್ಯಾನ್ ಓದಿ, ಚಿಕಿತ್ಸೆಯನ್ನು ನಿರ್ಧರಿಸಬಲ್ಲರು ಎಂದು, ಹಿರಿಯರು ಪಕ್ಕದಲ್ಲಿ ನಿಂತು ಅಳೆಯಬಹುದಾದ ಕ್ರಿಯೆಯಾಗಿ ಅದನ್ನು ಬರೆಯಬೇಕು. 5 ನಿಮಿಷ ಕಳೆದರೂ ನಿಲ್ಲದ ಮೂರ್ಛೆಯ ಸೆಳೆತಕ್ಕೂ ಮಿದುಳು ಸಾವಿನ ಪರೀಕ್ಷೆಗೂ ಇದೇ ಕ್ರಮ.

ನನ್ನ ಅಭಿಪ್ರಾಯದಲ್ಲಿ ಇಂಥ ಪಟ್ಟಿಗಳಲ್ಲಿ ಸೊರಗುವುದು ರೋಗಿಯ ಬಿಡುಗಡೆಯ ಹಂತ. ರಕ್ತ ತೆಳುಗೊಳಿಸುವ ಮಾತ್ರೆಯನ್ನು ಯಾವ ದಿನದಿಂದ, ಯಾರ ಸಲಹೆಯಂತೆ ಮತ್ತೆ ಆರಂಭಿಸಬೇಕೆಂದು ಬಿಡುಗಡೆ ಪತ್ರದಲ್ಲಿ ಸ್ಪಷ್ಟವಾಗಿ ಬರೆಯುವುದನ್ನೂ ಪಟ್ಟಿಗೆ ಸೇರಿಸಿ.