ಗಂಡು ಕುದುರೆಗೆ ಬೇಲಿ: ದಪ್ಪ ಹಲಗೆಯೋ, ಕಬ್ಬಿಣದ ಪೈಪೋ?

ಮೂರು ವರ್ಷದ ಗಂಡು, ನಾಲ್ಕೂವರೆ ಅಡಿಯ ಹಲಗೆ ಬೇಲಿ, ಬೇಲಿಯಾಚೆಗೇ ಹೆಣ್ಣು ಕುದುರೆಗಳು. ಎರಡು ಸಲ ಮೇಲಿನ ಹಲಗೆ ಮುರಿದಿದೆ, ಈಗ ದಪ್ಪ ಹಲಗೆ ಹಾಕಿಸಲೋ ಪೈಪ್ ಹಾಕಿಸಲೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಿಮ್ಮ ಹಲಗೆ ಮುರಿಯುತ್ತಿರುವುದು ಒಂದೇ ಬೇಲಿಯ ಎರಡೂ ಬದಿಗೆ ಕುದುರೆಗಳು ಇರುವುದರಿಂದ.

ಇದು ಎಲ್ಲ ಕಡೆಯೂ ಒಂದೇ ರೀತಿ ನಡೆಯುತ್ತದೆ. ಹೆಣ್ಣು ಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಐದರಿಂದ ಏಳು ದಿನ ಇರುತ್ತದೆ. ಆಗ ಅದೇ ಬಂದು ಬೇಲಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಗಂಡು ಮೊದಲು ಮೂತಿ ಚಾಚುತ್ತದೆ, ಆಮೇಲೆ ಎದೆ ಕೊಟ್ಟು ಒತ್ತುತ್ತದೆ, ಕೀರಾಟ ಶುರುವಾಗಿ ಮುಂಗಾಲು ಬೀಸುತ್ತದೆ. ಕೊನೆಗೆ ಎರಡೂ ಮುಂಗಾಲು ಎತ್ತಿ ಮೇಲಿನ ಹಲಗೆಯ ಮೇಲೆ ಬೀಳುತ್ತದೆ. ಅಷ್ಟು ಭಾರ ಬಿದ್ದಾಗ ಹಲಗೆ ಮುರಿದರೆ ನಿಮ್ಮ ಪುಣ್ಯ. ಪೈಪ್ ಮುರಿಯುವುದಿಲ್ಲ, ಕಾಲು ಮುರಿಯುತ್ತದೆ. ಗಂಡು ಕುದುರೆಗೆ ಬೇಲಿಯನ್ನು ಮುಟ್ಟುವ ಕಾರಣವೇ ಇರಬಾರದು. ನಾನು ಕೆಳಗೆ ಹೇಳುವುದೆಲ್ಲ ಅದಕ್ಕಾಗಿಯೇ.

ಮೊದಲ ಕೆಲಸ ಎರಡನೇ ಬೇಲಿ. ಈಗಿರುವ ಬೇಲಿಯಿಂದ ಹೆಣ್ಣು ಕುದುರೆಗಳ ಕಡೆಗೆ 10 ಅಡಿಗೆ ಕಡಿಮೆಯಾಗದಂತೆ ಬಿಟ್ಟು ಇನ್ನೊಂದು ಸಾಲು ಹಾಕಿಸಿ. 12 ಅಡಿ ಇದ್ದರೆ ಟ್ರ್ಯಾಕ್ಟರ್ ಓಡಾಡಿ ಹುಲ್ಲು ಕತ್ತರಿಸಬಹುದು. ಜಾಗ ಉಳಿಸಲು ಮೂರು ನಾಲ್ಕು ಅಡಿಯ ಓಣಿ ಬಿಡುವವರಿದ್ದಾರೆ, ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು: ಎರಡು ಕಡೆಯಿಂದಲೂ ಕತ್ತು ಚಾಚಿದರೆ ಮೂತಿ ತಾಗುತ್ತದೆ, ಹಾರಿ ಒಳಗೆ ಬಿದ್ದ ಕುದುರೆ ತಿರುಗಲೂ ಆಗದೆ ಸಿಕ್ಕಿಕೊಳ್ಳುತ್ತದೆ. ಎರಡನೇ ಬೇಲಿ ಭಾರಿ ಇರಬೇಕಿಲ್ಲ, ಸಾಧಾರಣ ಹೆಣ್ಣು ಕುದುರೆಗಳನ್ನು ತಡೆಯುವಷ್ಟಿದ್ದರೆ ಸಾಕು. ದುಡ್ಡನ್ನೆಲ್ಲ ಒಂದೇ ಬೇಲಿಗೆ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು. ತಗಡು ಹೊಡೆದು ಕಣ್ಣಿಗೆ ಮರೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ವಾಸನೆ, ಕೂಗು ಎರಡೂ ಬರುತ್ತಲೇ ಇರುತ್ತವೆ, ಏನೂ ಕಾಣದ ಕುದುರೆ ಇನ್ನೂ ಹೆಚ್ಚು ಚಡಪಡಿಸುತ್ತದೆ.

ಗಂಡಿನ ಕಡೆಯ ಬೇಲಿಯ ಎತ್ತರ ಕನಿಷ್ಠ 5 ಅಡಿ, ಕುದುರೆ ಎತ್ತರದ್ದಾದರೆ 6 ಅಡಿ. ಹೊಸ ಕಂಬ ನೆಡುವುದಾದರೆ ಒಂಬತ್ತು ಅಡಿಯದ್ದು ತರಿಸಿ, ಮೂರಡಿ ನೆಲದೊಳಗೆ ಹೋಗಲಿ, ಕಂಬದಿಂದ ಕಂಬಕ್ಕೆ 8 ಅಡಿ ಇರಲಿ. ಮೂಲೆ ಕಂಬ ಮತ್ತು ಗೇಟಿನ ಕಂಬ ಇನ್ನೂ ದಪ್ಪಗಿದ್ದು ನಾಲ್ಕಡಿ ಆಳ ಹೋಗಬೇಕು. ಹಲಗೆಯನ್ನು ಕಂಬದ ಒಳಬದಿಗೆ, ಅಂದರೆ ಕುದುರೆ ಇರುವ ಕಡೆಗೆ ಹೊಡೆಸಿ. ಒತ್ತಿದಾಗ ಭಾರ ಕಂಬದ ಮೇಲೆ ಬೀಳುತ್ತದೆ. ಹೊರಗೆ ಚೆನ್ನಾಗಿ ಕಾಣಲಿ ಎಂದು ಹೊರಬದಿಗೆ ಹೊಡೆಸಿದರೆ ಭಾರವೆಲ್ಲ ಮೊಳೆಗಳ ಮೇಲೆ, ಒಂದೇ ಒತ್ತಿಗೆ ಕಿತ್ತು ಬರುತ್ತವೆ. ಹಲಗೆ ಬೇಡ, ಜಾಲರಿ ಹಾಕುತ್ತೇನೆ ಎಂದರೆ ಕಣ್ಣು 2 ಇಂಚು ಅಗಲ, 4 ಇಂಚು ಎತ್ತರಕ್ಕಿಂತ ದೊಡ್ಡದಿರಬಾರದು, ಗೊರಸು ತೂರುತ್ತದೆ. ಜಾಲರಿಯ ಮೇಲಂಚಿಗೆ ಒಂದು ಹಲಗೆ ಇಲ್ಲದಿದ್ದರೆ ಒರಗಿ ಒರಗಿ ಬಗ್ಗಿಸಿಬಿಡುತ್ತದೆ. ಮುಳ್ಳುತಂತಿ ಎಲ್ಲಿಯೂ ಬೇಡ, ಓಣಿಯ ಆಚೆಗೂ ಬೇಡ. ಬಿಗಿದು ಕಟ್ಟಿದ ನುಣುಪು ತಂತಿಯನ್ನೂ ಒಂಟಿಯಾಗಿ ನಂಬಬೇಡಿ, ಓಡುವ ಕುದುರೆಗೆ ಅದು ಕಾಣುವುದೇ ಇಲ್ಲ. ಬೇಲಿಯ ಮೂಲೆಗಳನ್ನು ದುಂಡಗೆ ಮಾಡಿಸಿ.

ಈಗ ಕರೆಂಟು. ನಿಮ್ಮ ಹಳೆಯ ನಾಲ್ಕೂವರೆ ಅಡಿಯ ಬೇಲಿಯನ್ನೇ ಉಳಿಸಿಕೊಳ್ಳುವುದಾದರೆ ಅದನ್ನು ಕಾಪಾಡುವುದು ಇದೇ, ಬೇಲಿ ಹಾಕುವವರು ಕೈ ಸುಟ್ಟುಕೊಳ್ಳುವುದೂ ಇಲ್ಲಿಯೇ. ಕರೆಂಟು ಹರಿಯುವ ಬೇಲಿ ಟೇಪು ಸರಿ ಇರುತ್ತದೆ, ಅದಕ್ಕೆ ಶಾಕ್ ಕೊಡುವ ಝಟ್ಕಾ ಮಷಿನ್ ಸರಿ ಇರುತ್ತದೆ, ಅರ್ಥಿಂಗ್ ಇರುವುದಿಲ್ಲ. ಇದ್ದರೂ ಎರಡಡಿಯ ಒಂದು ಸರಳು, ಗೋಡೆಯ ಪಕ್ಕದ ಒಣ ಮಣ್ಣಿನಲ್ಲಿ.

ಶಾಕ್ ಹೇಗೆ ಹೊಡೆಯುತ್ತದೆ ನೋಡಿ. ಮಷಿನಿನಿಂದ ಹೊರಟ ಕರೆಂಟು ಟೇಪಿನಲ್ಲಿ ಬಂದು ಕುದುರೆಯ ಮೂತಿಗೆ, ಮೈಯೊಳಗಿಂದ ಕಾಲಿಗೆ, ಗೊರಸಿನಿಂದ ಮಣ್ಣಿಗೆ, ಮಣ್ಣಿನಿಂದ ಅರ್ಥಿಂಗ್ ರಾಡಿಗೆ ಹೋಗಿ ಮಷಿನಿಗೆ ವಾಪಸ್ ತಲುಪಬೇಕು. ಈ ಸುತ್ತಿನಲ್ಲಿ ಬಡ ಕೊಂಡಿ ಮಣ್ಣು ಮತ್ತು ರಾಡು. ಅದು ದುರ್ಬಲವಾಗಿದ್ದರೂ ಮಷಿನ್ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ, ದೀಪ ಮಿಣುಕುತ್ತದೆ, ಏನೂ ತಾಗದಿರುವಾಗ ಟೇಪಿನ ಮೇಲೆ ಮೀಟರ್ ಇಟ್ಟರೆ ಆರೇಳು ಸಾವಿರ ವೋಲ್ಟ್ ಕೂಡ ತೋರಿಸಬಹುದು. ಎಲ್ಲ ಸರಿ ಇದೆ ಎಂದುಕೊಳ್ಳುತ್ತೀರಿ. ಗಂಡು ಬಂದು ಮೂತಿ ಇಟ್ಟಾಗ ಅದಕ್ಕೆ ಸಿಗುವುದು ಬರೀ ಚುರುಕು. ಮಾರನೇ ದಿನ ಒರಗುತ್ತದೆ. ಟೇಪಿಗೆ ಹೆದರಬೇಕಾಗಿಲ್ಲ ಎಂದು ಒಮ್ಮೆ ಕಲಿತ ಕುದುರೆಗೆ ಆಮೇಲೆ ಜೋರು ಶಾಕ್ ಕೊಟ್ಟರೂ ಹಿಂದೆ ಸರಿಯುವ ಬದಲು ಮುಂದಕ್ಕೆ ನುಗ್ಗಬಹುದು. ಇದನ್ನು ಬಿಡಿಸುವುದು ಬಹಳ ಕಷ್ಟ. ಹಾಗಾಗಿ ಅರ್ಥಿಂಗ್ ಪರೀಕ್ಷೆ ಆಗುವವರೆಗೆ ಕುದುರೆಯನ್ನು ಆ ಮೈದಾನಕ್ಕೆ ಬಿಡಲೇಬೇಡಿ.

ಕನಿಷ್ಠ ಮೂರು ಜಿಐ (ಸತು ಲೇಪಿಸಿದ ಕಬ್ಬಿಣದ) ರಾಡು, ಪ್ರತಿಯೊಂದೂ 6 ಅಡಿ ಉದ್ದದ್ದು, ಒಂದರಿಂದ ಒಂದಕ್ಕೆ 10 ಅಡಿ ದೂರ. ಮೂರನ್ನೂ ಒತ್ತೊತ್ತಾಗಿ ಹೊಡೆದರೆ ಎಲ್ಲವೂ ಅದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಒಂದು ರಾಡಿಗಿಂತ ಹೆಚ್ಚೇನೂ ಸಿಗುವುದಿಲ್ಲ. ವರ್ಷವಿಡೀ ತೇವ ಇರುವ ಜಾಗ ಆರಿಸಿ. ಮೂರಕ್ಕೂ ಒಂದೇ ತಂತಿ, ಜಿಐ ತಂತಿಯೇ ಇರಲಿ, ತಿರುಚಿ ಕಟ್ಟದೆ ಕ್ಲಾಂಪ್ ಹಾಕಿ ಬಿಗಿಯಿರಿ. ಜಿಐ ರಾಡಿಗೆ ತಾಮ್ರದ ತಂತಿ ಸೇರಿಸಿದರೆ ಕೂಡುವ ಕಡೆ ಬೇಗ ತುಕ್ಕು ತಿನ್ನುತ್ತದೆ. ಮನೆಯ ಅರ್ಥಿಂಗಿಗೆ ಕೊಡಬೇಡಿ, ಅದರಿಂದ 33 ಅಡಿಯಾದರೂ ದೂರವಿರಿ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವುದಂತೂ ಕೊಲೆ. ಝಟ್ಕಾ ಮಷಿನ್ ಸೆಕೆಂಡಿಗೆ ಸುಮಾರು ಒಂದು ಸಲ, ಕ್ಷಣಾರ್ಧಕ್ಕಿಂತಲೂ ಕಡಿಮೆ ಹೊತ್ತು ಹೊಡೆದು ಬಿಡುತ್ತದೆ. ನೇರ ಕರೆಂಟು ಹಿಡಿದದ್ದನ್ನು ಬಿಡುವುದಿಲ್ಲ.

ಪರೀಕ್ಷೆ ಹೀಗೆ. ಮಷಿನಿನಿಂದ 300 ಅಡಿ ದೂರದಲ್ಲಿ, ಮಷಿನ್ ಆಫ್ ಮಾಡಿ, ಕೆಲವು ಕಬ್ಬಿಣದ ಸರಳುಗಳನ್ನು ನೆಲಕ್ಕೆ ಊರಿ ಟೇಪಿಗೆ ಒರಗಿಸಿ. ಆನ್ ಮಾಡಿ ನೋಡಿ, ಬೇಲಿಯ ವೋಲ್ಟೇಜು 2000ಕ್ಕಿಂತ ಕೆಳಗೆ ಇಳಿಯುವವರೆಗೆ ಸರಳು ಸೇರಿಸುತ್ತಾ ಹೋಗಿ, ಪ್ರತಿ ಸಲವೂ ಆಫ್ ಮಾಡಿಯೇ. ಆಮೇಲೆ ಬೇಲಿಯ ಮೀಟರಿನ ಒಂದು ತುದಿಯನ್ನು ಕೊನೆಯ ಅರ್ಥಿಂಗ್ ರಾಡಿಗೆ, ಇನ್ನೊಂದನ್ನು ಅಲ್ಲಿಂದ ಮೂರಡಿ ಆಚೆ ಮಣ್ಣಿಗೆ ಚುಚ್ಚಿ. 300 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಹೆಚ್ಚು ತೋರಿಸಿದರೆ ರಾಡು ಸಾಲದು, ಇನ್ನೊಂದು ಹೊಡೆಸಿ, ಮತ್ತೆ ಅಳೆಯಿರಿ. ಮಳೆಗಾಲದಲ್ಲಿ ಪಾಸಾದದ್ದು ಬೇಸಿಗೆಯಲ್ಲಿ ಫೇಲಾಗುತ್ತದೆ, ಆದ್ದರಿಂದ ನೆಲ ಒಣಗಿದಾಗ ಇನ್ನೊಮ್ಮೆ ಮಾಡಿ. ಮಣ್ಣು ಜಲ್ಲಿ ಜಲ್ಲಿಯಾಗಿದ್ದು ಎಷ್ಟು ರಾಡು ಹೊಡೆದರೂ ಆಗದಿದ್ದರೆ, ಒಂದು ಸಾಲು ಟೇಪಿಗೆ ಕರೆಂಟು, ಪಕ್ಕದ ಸಾಲಿಗೆ ಅರ್ಥಿಂಗ್ ಕೊಡಿ. ಎರಡಕ್ಕೂ ಒಟ್ಟಿಗೆ ತಾಗಿದರೆ ಮಣ್ಣಿನ ಹಂಗಿಲ್ಲದೆ ಶಾಕ್ ಹೊಡೆಯುತ್ತದೆ.

ಬೇಲಿಯ ದೂರದ ತುದಿಯಲ್ಲಿ 4000 ವೋಲ್ಟ್ ಇದ್ದರೆ ಬೇರೆ ಕುದುರೆಗಳಿಗೆ ಸಾಕು, ಗಂಡಿಗೆ ನಾನು 5000ಕ್ಕೆ ಕಡಿಮೆ ಒಪ್ಪುವುದಿಲ್ಲ. ಒಂದೂವರೆ ಇಂಚು ಅಗಲದ ಬಿಳಿ ಟೇಪು, ಒಂದು ಸಾಲು ಬೇಲಿಯ ನೆತ್ತಿಯ ಮೇಲೆ ಕಂಬಕ್ಕೆ ತುಂಡು ಸೇರಿಸಿ 5 ಅಡಿ ದಾಟುವಂತೆ, ಇನ್ನೊಂದು ಎದೆಮಟ್ಟಕ್ಕೆ ಹಲಗೆಯಿಂದ ಐದಾರು ಇಂಚು ಒಳಗೆ ಚಾಚಿದ ಇನ್ಸುಲೇಟರಿನ ಮೇಲೆ. ಟೇಪನ್ನು ಗಂಟು ಹಾಕಿ ಸೇರಿಸಬೇಡಿ, ಒಳಗಿನ ಸಣ್ಣ ಎಳೆಗಳು ಸುಟ್ಟು ತುಂಡಾಗುತ್ತವೆ, ಲೋಹದ ಕ್ಲಿಪ್ ಬಳಸಿ. ಗೇಟಿನ ಕೆಳಗೆ ಹೋಗುವ ತಂತಿ ಬೇಲಿಗೆಂದೇ ಮಾಡಿದ, 20,000 ವೋಲ್ಟ್ ತಡೆಯುವ ಕೇಬಲ್ ಆಗಿರಲಿ. ಮನೆಯ ವೈರಿಂಗ್ ತಂತಿ ಅಲ್ಲೇ ಸೋರುತ್ತದೆ.

ಗೇಟು ಬೇಲಿಯಷ್ಟೇ ಎತ್ತರ, ಎರಡು ಚಿಲಕ, ಅದರಲ್ಲೊಂದು ಕುದುರೆಯ ಬಾಯಿಗೆ ಎಟುಕದ ಕಡೆ. ಮೇಲಿನ ಹಿಂಜಿನ ಪಿನ್ನು ಕೆಳಮುಖವಾಗಿರಲಿ, ಇಲ್ಲದಿದ್ದರೆ ಕತ್ತು ಕೊಟ್ಟು ಗೇಟನ್ನೇ ಎತ್ತಿ ಕಳಚುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಈ ಕುದುರೆಯನ್ನು ತಳಿಗೆ ಬಳಸುವ ಯೋಚನೆ ಇಲ್ಲದಿದ್ದರೆ ಪಶುವೈದ್ಯರಿಂದ ಬೀಜ ತೆಗೆಸಿ. ಆಮೇಲೂ ಕೆಲವು ವಾರ ಹೆಣ್ಣುಗಳಿಂದ ದೂರವಿಡಬೇಕು, ವೈದ್ಯರು ಹೇಳುವಷ್ಟು ದಿನ. ತಳಿಗೇ ಇಟ್ಟುಕೊಳ್ಳುವುದಾದರೆ ಒಂಟಿಯಾಗಿ ಬಿಡದೆ ಬೀಜ ತೆಗೆಸಿದ ಸಮಾಧಾನದ ಕುದುರೆಯೊಂದನ್ನು ಜೊತೆಗೆ ಬಿಡಲು ನೋಡಿ, ನಿಧಾನವಾಗಿ ಪರಿಚಯ ಮಾಡಿಸಿ. ಸ್ವಿಟ್ಜರ್ಲೆಂಡಿನ ಅವೆಂಶ್‌ನಲ್ಲಿರುವ ರಾಷ್ಟ್ರೀಯ ಅಶ್ವಶಾಲೆಯಲ್ಲಿ ತಳಿಯ ಗಂಡುಗಳನ್ನೇ, ಹೆಣ್ಣುಗಳಿಲ್ಲದ ಹುಲ್ಲುಗಾವಲಿನಲ್ಲಿ ಗುಂಪಾಗಿ ಬಿಟ್ಟು ನೋಡಿದ್ದಾರೆ. ದಿನವಿಡೀ ಮೇಯಲು ಹುಲ್ಲು, ಪಕ್ಕದಲ್ಲೊಂದು ಜೊತೆ ಇದ್ದರೆ ಬೇಲಿಯುದ್ದಕ್ಕೂ ಓಡಾಡುವುದು ಕಡಿಮೆಯಾಗುತ್ತದೆ.

ಎರಡನೇ ಬೇಲಿ ಏಳುವವರೆಗೆ ಹೆಣ್ಣು ಕುದುರೆಗಳನ್ನು ಬೇರೆ ಮೈದಾನಕ್ಕೆ ಸಾಗಿಸಿ. ಅದಾಗದಿದ್ದರೆ ಹೊತ್ತು ಹಂಚಿ: ಗಂಡು ಹೊರಗಿರುವಾಗ ಅವು ಲಾಯದಲ್ಲಿ, ಅವು ಹೊರಗಿರುವಾಗ ಗಂಡು ಲಾಯದಲ್ಲಿ. ಮುರಿದ ಹಲಗೆಯಿಂದ ಕಂಬದಲ್ಲಿ ಉಳಿದ ಮೊಳೆಗಳನ್ನು ಇವತ್ತೇ ಕಿತ್ತು ಹಾಕಿ.