ಹೈವೇಯಲ್ಲಿ ಕಾರಿನೊಳಗೆ ಗುಂಯ್ ಎನ್ನುವ ಸೈಲೆನ್ಸರ್: ಡ್ಯಾಂಪಿಂಗ್ ಶೀಟ್ ಅಂಟಿಸುವ ಮೊದಲು ಇದನ್ನು ಓದಿ

ಆಫ್ಟರ್‌ಮಾರ್ಕೆಟ್ ಮಫ್ಲರ್ (ಕಂಪನಿಯದಲ್ಲದ, ಹೊರಗೆ ಸಿಗುವ ಸೈಲೆನ್ಸರ್) ಹಾಕಿಸಿದ ಮೇಲೆ 80–90ರ ವೇಗದಲ್ಲಿ ಕಾರಿನೊಳಗೆ ಗುಂಯ್ ಎಂದು ತಲೆ ತಿನ್ನುತ್ತಿದೆ, ಡೋರು ಡಿಕ್ಕಿಗೆಲ್ಲ ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಹಾಕಿಸಿದರೆ ಹೋಗುತ್ತಾ ಎಂದು ಕೇಳಿದ್ದೀರಿ. ಹೋಗುವುದಿಲ್ಲ. ನಾನು ಇಡೀ ಕಾರಿಗೆ ಹಾಕಿಸಿ ನೋಡಿದವನು. ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ದಯವಿಟ್ಟು ಕೊಡಬೇಡಿ.

ನನ್ನದು 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಒಳ್ಳೆಯ ಸೌಂಡ್ ಬರಲಿ ಎಂಬ ಆಸೆಗೆ ಹಿಂದಿನ ಸೈಲೆನ್ಸರ್ ಬದಲಾಯಿಸಿ ಹೊಗೆ ಸಲೀಸಾಗಿ ಹೋಗುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದೆ. ಅಂಗಡಿಯವರು ಕಾರನ್ನು ರ‍್ಯಾಂಪ್ ಮೇಲೆ ಎತ್ತಿದ ಮೇಲೆ, ‘ಸಾರ್, ಈ ಮಿಡ್ಲ್ ಸೈಲೆನ್ಸರ್ ಸುಮ್ನೆ ಗಾಳಿ ತಡೀತದೆ, ಇದನ್ನೂ ತೆಗೆದು ಸೀದಾ ಪೈಪ್ ಕೊಟ್ಟುಬಿಡ್ಲಾ?’ ಎಂದರು. ಪೈಪಿನ ನಡುವೆ ಇರುವ ಇನ್ನೊಂದು ಸೈಲೆನ್ಸರ್ ಅದು. ಕೊಡಿ ಎಂದೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ತೋರಿಸಿದಾಗ ಸೌಂಡ್ ಬಹಳ ಚೆನ್ನಾಗಿತ್ತು. ಊರೊಳಗೆ ಓಡಿಸಿದಾಗಲೂ ಚೆನ್ನಾಗಿತ್ತು.

ಗೊತ್ತಾಗಿದ್ದು ತುಮಕೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ. ಐದನೇ ಗೇರು, 85ರ ಆಸುಪಾಸು, ಮೀಟರಿನಲ್ಲಿ ಸುಮಾರು 2500 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಂಜಿನ್ ಅಷ್ಟು ಸುತ್ತು. ಸಂಸಾರ ಸಮೇತ ಹೋಗುವವರು ಗಂಟೆಗಟ್ಟಲೆ ಓಡಿಸುವುದು ಇದೇ ವೇಗದಲ್ಲಿ. ಹಿಂದಿನ ಸೀಟಿನಲ್ಲಿದ್ದ ಅಪ್ಪ, ‘ತಲೆ ಒಳಗೆ ಯಾರೋ ರುಬ್ಬುಗುಂಡು ತಿರುಗಿಸಿದ ಹಾಗಾಗ್ತಿದೆ ಕಣೋ, ಸ್ವಲ್ಪ ನಿಲ್ಲಿಸು’ ಎಂದರು. ಮುಂದೆ ಕೂತ ನನಗೆ ಅಷ್ಟು ಅನ್ನಿಸಿರಲಿಲ್ಲ. ಹಿರಿಯೂರಿನ ಹತ್ತಿರ ಊಟಕ್ಕೆ ನಿಲ್ಲಿಸಿದಾಗ ಅವರು ಕಾರಿನ ಹತ್ತಿರ ಬರಲೂ ಒಪ್ಪಲಿಲ್ಲ. ಅಂದಿನಿಂದ ಈ ಶಬ್ದ ನನಗೆ ಹಠದ ವಿಷಯವಾಯಿತು.

ಆಗ ಮಾಡಿದ ತಪ್ಪನ್ನು ವಿವರವಾಗಿ ಹೇಳುತ್ತೇನೆ. ನೀವು ಈಗ ನಿಂತಿರುವುದು ಅದೇ ಜಾಗದಲ್ಲಿ.

ಶಬ್ದ ಒಳಗೆ ಕೇಳುತ್ತಿದೆ, ಹಾಗಾದರೆ ಒಳಗೆ ಬರುವ ದಾರಿ ಮುಚ್ಚೋಣ ಎಂದುಕೊಂಡೆ. ಸೀಟು, ಮ್ಯಾಟು, ಡೋರಿನ ಟ್ರಿಮ್ ಎಲ್ಲ ಬಿಚ್ಚಿಸಿ ಬ್ಯೂಟೈಲ್ ಶೀಟ್ (ಡ್ಯಾಂಪಿಂಗ್ ಶೀಟ್ ಅಂದರೆ ಇದೇ) ಅಂಟಿಸಿದೆ, ಅದರ ಮೇಲೆ ಫೋಮ್. ಮಫ್ಲರ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡು ಇದಕ್ಕೆ ಹೋಯಿತು. ಕಾರಿನ ತೂಕ ಹೆಚ್ಚಾಯಿತು. ವಾಪಸ್ ಹೈವೇಗೆ ತಂದರೆ ಗುಂಯ್ ಶಬ್ದ ಮೊದಲಿಗಿಂತ ಜೋರಾಗಿ ಕೇಳಿತು! ಕೆಲಸ ಸರಿಯಾಗಿ ಮಾಡಿಲ್ಲ ಎಂದು ಜಗಳಕ್ಕೂ ಹೋದೆ. ಅವರು ಸರಿಯಾಗಿಯೇ ಮಾಡಿದ್ದರು. ಟೈರಿನ ಸದ್ದು, ಗಾಳಿಯ ಸದ್ದು ನಿಜಕ್ಕೂ ಕಡಿಮೆಯಾಗಿತ್ತು. ಅವೆರಡೂ ಇಷ್ಟು ದಿನ ಗುಂಯ್ ಶಬ್ದವನ್ನು ಸ್ವಲ್ಪ ಮರೆಮಾಡಿದ್ದವು. ಅವು ಹೋದ ಮೇಲೆ ಉಳಿದದ್ದು ಇದೊಂದೇ, ಬೆತ್ತಲೆಯಾಗಿ.

ಯಾಕೆ ಹೀಗೆ? ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ, ಅಂದರೆ ಒಳಗೆ ಇಂಧನ ಎರಡು ಸಲ ಹೊತ್ತಿಕೊಳ್ಳುತ್ತದೆ. 2500 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 41.7 ಸುತ್ತು, ಹಾಗಾಗಿ ಸೆಕೆಂಡಿಗೆ ಸುಮಾರು 83 ಬಡಿತ, ಅಂದರೆ 83 ಹರ್ಟ್ಜ್. ಬಹಳ ತಗ್ಗಿನ ಶಬ್ದ ಇದು. ಗಾಳಿಯಲ್ಲಿ ಇದರ ಒಂದು ಅಲೆಯ ಉದ್ದ 4 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಫೋಮು ಇಂಥ ಅಲೆಯನ್ನು ಹೀರಬೇಕಾದರೆ ಹೆಚ್ಚು ಕಡಿಮೆ ಒಂದು ಮೀಟರ್ ದಪ್ಪ ಇರಬೇಕು. ನಾವು ಅಂಟಿಸುವುದು ಬೆರಳು ದಪ್ಪವೂ ಇಲ್ಲದ್ದನ್ನು. ಇನ್ನು ಬ್ಯೂಟೈಲ್ ಶೀಟ್ ಇರುವುದು ತಗಡು ನಡುಗದಂತೆ ತಡೆಯಲಿಕ್ಕೆ. ಡೋರ್ ತಗಡು ಡಬಡಬ ಎನ್ನುವುದನ್ನು ಅದು ಚೆನ್ನಾಗಿ ನಿಲ್ಲಿಸುತ್ತದೆ. ಆದರೆ ಇಲ್ಲಿ ನಡುಗುತ್ತಿರುವುದು ಮುಖ್ಯವಾಗಿ ಕ್ಯಾಬಿನ್ನಿನ ಒಳಗಿನ ಗಾಳಿ. 83 ಹರ್ಟ್ಜ್‌ನ ಅರ್ಧ ಅಲೆ ಸುಮಾರು 2 ಮೀಟರ್. ಹ್ಯಾಚ್‌ಬ್ಯಾಕಿನಲ್ಲಿ ಡ್ಯಾಶ್‌ಬೋರ್ಡಿನಿಂದ ಹಿಂದಿನ ಬಾಗಿಲಿನವರೆಗೆ ಅಳೆದರೆ ಅದೂ ಹತ್ತಿರ ಹತ್ತಿರ ಅಷ್ಟೇ. ಅಳತೆ ಹೊಂದಿಕೊಂಡಿದ್ದಕ್ಕೆ ಪೈಪಿನಿಂದ ಬಂದ ಶಬ್ದ ಒಳಗೆ ಇನ್ನೂ ಹಿಗ್ಗುತ್ತದೆ. ಇಂಥ ಅಲೆಯ ಒತ್ತಡ ಎರಡೂ ತುದಿಗಳಲ್ಲಿ ಜಾಸ್ತಿ, ನಡುವೆ ಕಡಿಮೆ. ಡಿಕ್ಕಿಗೆ ಹತ್ತಿರ ಕೂತ ಅಪ್ಪನಿಗೆ ತಲೆನೋವು, ನಡುಭಾಗದಲ್ಲಿ ಕೂತ ನನಗೆ ಅಷ್ಟಿಲ್ಲ, ಇದಕ್ಕೆ ಕಾರಣ ಅದು. ಆ ವೇಗದಲ್ಲಿ ಓಡುವಾಗ ಹಿಂದೆ ಕೂತವರಿಗೆ ತಲೆಯನ್ನು ಮುಂದೆ ಹಿಂದೆ ಸರಿಸಲು ಹೇಳಿ. ಶಬ್ದ ಹೆಚ್ಚು ಕಡಿಮೆ ಆಗುವುದು ಅವರಿಗೇ ತಿಳಿಯುತ್ತದೆ.

ಫೋನಿನ ಡೆಸಿಬಲ್ ಆ್ಯಪನ್ನೂ ನಂಬಬೇಡಿ. ಶೀಟ್ ಹಾಕಿದ ಮೇಲೆ ಅದು ಕಡಿಮೆ ಅಂಕಿ ತೋರಿಸಿತು, ನನಗೋ ತಲೆ ಸಿಡಿಯುತ್ತಿತ್ತು. ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಲೆಕ್ಕ ಹಾಕುವುದು ‘ಎ’ ತೂಕದಲ್ಲಿ, ಅಂದರೆ ಕಿವಿಗೆ ಕಡಿಮೆ ಕೇಳುವ ತಗ್ಗು ಶಬ್ದವನ್ನು ಕಳೆದು. 80 ಹರ್ಟ್ಜ್‌ನಲ್ಲಿ ಈ ಕಳೆಯುವಿಕೆ ಸುಮಾರು 22 ಡೆಸಿಬಲ್. ನಿಮಗೆ ಬೇಕಾದದ್ದು ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಜ್‌ನಲ್ಲಿ ಎಷ್ಟು ಶಬ್ದ ಎಂದು ಬಿಡಿಸಿ ತೋರಿಸುವ ಆ್ಯಪ್. ಅದರಲ್ಲಿ ಒಂದೇ ಕಡೆ ಗೆರೆ ಎದ್ದು ನಿಲ್ಲುತ್ತದೆ. ಅದು ನಿಮ್ಮ ಆರ್‌ಪಿಎಂ ಲೆಕ್ಕಕ್ಕೆ ಕೂಡಿ ಬಂದರೆ ಕಳ್ಳ ಸಿಕ್ಕ ಹಾಗೆ.

ನನಗೆ ದಾರಿ ತೋರಿಸಿದವರು ಲಾರಿ ಸೈಲೆನ್ಸರ್ ವೆಲ್ಡಿಂಗ್ ಮಾಡುವ ವಯಸ್ಸಾದ ಯಜಮಾನರು. ಕಾರನ್ನು ಮುಟ್ಟುವ ಮೊದಲು ನನ್ನ ಪಕ್ಕದಲ್ಲಿ ಕೂತು, ‘ಓಡಿಸಿ’ ಎಂದರು. ಐದನೇ ಗೇರಿನಲ್ಲಿ 85ಕ್ಕೆ ಗುಂಯ್ ಎಂದಿತು. ‘ಅದೇ ಸ್ಪೀಡಲ್ಲಿ ನಾಲ್ಕಕ್ಕೆ ಹಾಕಿ.’ ಹಾಕಿದೆ, ಶಬ್ದ ಮಾಯ. ‘ಹಾಗಾದ್ರೆ ಟೈರ್ ಅಲ್ಲ, ಬೇರಿಂಗ್ ಅಲ್ಲ. ಎಂಜಿನ್ ಸುತ್ತಿನ ಲೆಕ್ಕ ಇದು. ಪೈಪಲ್ಲೇ ಮುಗಿಸ್ಬೇಕು’ ಎಂದರು. ನಿಮಗೂ ಮೊದಲ ಕೆಲಸ ಇದೇ. ಯಾವ ಆರ್‌ಪಿಎಂನಲ್ಲಿ ಶಬ್ದ ತುದಿ ಮುಟ್ಟುತ್ತದೆ ಎಂದು ಬರೆದಿಟ್ಟುಕೊಳ್ಳಿ. ನಿಮ್ಮದು ಮೂರು ಸಿಲಿಂಡರ್ ಆದರೆ ಒಂದು ಸುತ್ತಿಗೆ ಒಂದೂವರೆ ಫೈರಿಂಗ್, ಅದೇ 2500ಕ್ಕೆ 62.5 ಹರ್ಟ್ಜ್ ಆಗುತ್ತದೆ.

ಕಾರು ಎತ್ತಿದ ಮೇಲೆ ಅವರು ಮೊದಲು ಹುಡುಕಿದ್ದು ಪೈಪು ಎಲ್ಲಾದರೂ ಕಾರಿನ ತಳಕ್ಕೆ ತಾಗುತ್ತಿದೆಯಾ ಎಂದು. ಪೈಪಿನ ಬಿಸಿ ತಡೆಯುವ ತಗಡಿಗೆ (ಹೀಟ್ ಶೀಲ್ಡ್) ಒಂದು ಕಡೆ ತಾಗುತ್ತಿತ್ತು. ಫ್ರೀ ಫ್ಲೋ ಹಾಕಿದವರು ಸೈಲೆನ್ಸರ್ ರಬ್ಬರ್ ಬದಲು ಗಟ್ಟಿಯಾದ ಬುಷ್ ಹಾಕಿದ್ದರು. ಅದನ್ನು ತೆಗೆದು ಕಂಪನಿಯ ಮೆತ್ತನೆಯ ರಬ್ಬರ್ ಹಾಕಿದರು. ಪೈಪಿನ ತುದಿ ಬಂಪರಿನ ಒಳಗೇ ಮುಗಿಯುತ್ತಿತ್ತು, ಅದನ್ನು ಹೊರಗೆ ಬರುವಷ್ಟು ಉದ್ದ ಮಾಡಿದರು. ಇಲ್ಲದಿದ್ದರೆ ಶಬ್ದವೂ ಹೊಗೆಯೂ ಡಿಕ್ಕಿಯ ತಳಕ್ಕೇ ಬಡಿಯುತ್ತದೆ. ಡಿಕ್ಕಿಯ ತಳದ ರಬ್ಬರ್ ಬಿರಡೆ, ಬಾಗಿಲಿನ ಬೀಡಿಂಗ್ ಸರಿಯಾಗಿದೆಯಾ ಎಂದು ನೀವೂ ನೋಡಿ. ಶಬ್ದ ಬರುವ ತೂತಿನಿಂದ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಿಂದೆ ಮಕ್ಕಳು ಮಲಗಿರುವ ಕಾರಿನಲ್ಲಿ ಇದನ್ನು ನಿರ್ಲಕ್ಷ್ಯ ಮಾಡಬಾರದು.

ಆಮೇಲೆ ಮಿಡ್ಲ್ ಸೈಲೆನ್ಸರ್. ಅದು ಗಾಳಿ ತಡೆಯುತ್ತದೆ ಎಂಬ ಮಾತನ್ನು ಯಾರೇ ಹೇಳಲಿ, ಒಪ್ಪಬೇಡಿ. ಎಂಜಿನಿಯರುಗಳು ಅದನ್ನು ಇಟ್ಟಿರುವುದು ಇಂಥ ಶಬ್ದವನ್ನು ತಗ್ಗಿಸಲಿಕ್ಕೇ. ಕಂಪನಿಯ ಸೈಲೆನ್ಸರಿನಲ್ಲಿ ಕೋಣೆಗಳಿರುತ್ತವೆ. ಶಬ್ದ ಒಂದರಿಂದ ಇನ್ನೊಂದಕ್ಕೆ ಹೋಗಿ ಬಡಿದು ವಾಪಸ್ ಬಂದು ಅಲ್ಲೇ ಕುಗ್ಗುತ್ತದೆ. ಫ್ರೀ ಫ್ಲೋ ಒಳಗೆ ಸಾಮಾನ್ಯವಾಗಿ ತೂತಿರುವ ಒಂದು ನೇರ ಪೈಪು, ಸುತ್ತ ಗ್ಲಾಸ್ ವುಲ್. ಅದು ಕೀರಲು ಶಬ್ದವನ್ನು ಹೀರುತ್ತದೆ, ತಗ್ಗು ಶಬ್ದವನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ವುಲ್ ಸುಟ್ಟು ಉದುರಿದ ಮೇಲೆ ಅದೂ ಇಲ್ಲ. ನನ್ನ ಹಳೆಯ ಮಿಡ್ಲ್ ಸೈಲೆನ್ಸರನ್ನು ಅಂಗಡಿಯವರು ಆಗಲೇ ಮಾರಿದ್ದರು. ಶಿವಾಜಿನಗರದ ಗುಜರಿಯಲ್ಲಿ ಅದೇ ಮಾಡೆಲ್‌ದು ಹುಡುಕಿ ತಂದೆ. ಅದನ್ನು ಕೂರಿಸಿದ ಮೇಲೆ ಮುಕ್ಕಾಲು ಪಾಲು ನೆಮ್ಮದಿ ಸಿಕ್ಕಿತು.

ಉಳಿದ ಕಾಲು ಭಾಗಕ್ಕೆ ಜೆ ಪೈಪ್ ಹಾಕಿಸಿದೆ. ಮುಖ್ಯ ಪೈಪಿಗೆ ಪಕ್ಕದಲ್ಲಿ ಅಷ್ಟೇ ದಪ್ಪದ, ತುದಿ ಮುಚ್ಚಿದ ಒಂದು ಪೈಪು ವೆಲ್ಡ್ ಮಾಡುವುದು. ಶಬ್ದದ ಅಲೆ ಅದರೊಳಗೆ ಹೋಗಿ, ತುದಿಗೆ ಬಡಿದು, ಅರ್ಧ ಅಲೆಯಷ್ಟು ತಡವಾಗಿ ಹೊರಗೆ ಬರುತ್ತದೆ. ಬರುವಾಗ ಮುಖ್ಯ ಪೈಪಿನ ಅಲೆಗೆ ಸರಿಯಾಗಿ ತಿರುಗುಮುರುಗು ಆಗಿರುತ್ತದೆ. ಎರಡೂ ಒಂದನ್ನೊಂದು ಹೊಡೆದು ಹಾಕುತ್ತವೆ. ಉದ್ದದ ಲೆಕ್ಕ ಸುಲಭ: ಶಬ್ದದ ವೇಗವನ್ನು ಹರ್ಟ್ಜ್‌ನ ನಾಲ್ಕು ಪಟ್ಟಿನಿಂದ ಭಾಗಿಸಿ. ಆದರೆ ಇಂಟರ್‌ನೆಟ್ಟಿನಲ್ಲಿ ಸಿಗುವ ಸೆಕೆಂಡಿಗೆ 343 ಮೀಟರ್ ಎಂಬ ವೇಗ 20 ಡಿಗ್ರಿ ಗಾಳಿಯದು. ಎಕ್ಸಾಸ್ಟ್ ಬಿಸಿ ಇರುತ್ತದೆ, ಬಿಸಿ ಗಾಳಿಯಲ್ಲಿ ಶಬ್ದ ಇನ್ನೂ ವೇಗವಾಗಿ ಓಡುತ್ತದೆ. 150 ಡಿಗ್ರಿಯಲ್ಲಿ ಸುಮಾರು 412 ಮೀಟರ್. ಹಾಗಾಗಿ 83 ಹರ್ಟ್ಜ್‌ಗೆ ಬೇಕಾದದ್ದು 1.03 ಮೀಟರ್ ಅಲ್ಲ, 1.24 ಮೀಟರ್. ತಣ್ಣನೆಯ ಲೆಕ್ಕದಲ್ಲಿ ಕತ್ತರಿಸಿದರೆ ಆ ಪೈಪು 100 ಹರ್ಟ್ಜ್‌ಗೆ, ಅಂದರೆ 3000 ಆರ್‌ಪಿಎಂಗೆ ಕೆಲಸ ಮಾಡುತ್ತದೆ, ನಿಮ್ಮ 2500 ಹಾಗೆಯೇ ಉಳಿಯುತ್ತದೆ. ಮುಚ್ಚಿದ ಪೈಪಿನೊಳಗೆ ಬಿಸಿ ಎಷ್ಟಿರುತ್ತದೆ ಎನ್ನುವುದು ಕಾರಿನಿಂದ ಕಾರಿಗೆ ಬೇರೆ. ಆದ್ದರಿಂದ ಸ್ವಲ್ಪ ಉದ್ದವೇ ಬಿಟ್ಟು, ಮುಚ್ಚಳವನ್ನು ಟ್ಯಾಕ್ (ಬಿಚ್ಚಲು ಬರುವಂಥ ಚುಕ್ಕೆ ವೆಲ್ಡ್) ಮಾತ್ರ ಹಾಕಿಸಿ, ಹೈವೇಯಲ್ಲಿ ಓಡಿಸಿ ನೋಡಿ, ಆಮೇಲೆ ಕತ್ತರಿಸುತ್ತಾ ಬನ್ನಿ.

ಇಷ್ಟೆಲ್ಲ ಹೇಳಿದರೂ ನನ್ನ ನಿಜವಾದ ಅಭಿಪ್ರಾಯ ಬೇರೆ ಇದೆ. ಜೋರು ಮಫ್ಲರೂ ಇರಲಿ, ಒಳಗೆ ನಿಶ್ಶಬ್ದವೂ ಇರಲಿ ಎಂದು ನೀವು ಬಯಸುತ್ತಿದ್ದೀರಿ. ಚಿಕ್ಕ ಎಂಜಿನ್ನಿನ ಕಾರಿನಲ್ಲಿ ಅದಕ್ಕಾಗಿ ಒದ್ದಾಡುವುದರಲ್ಲಿ ಅರ್ಥವಿಲ್ಲ. ಬರೀ ಸೈಲೆನ್ಸರ್ ಬದಲಿಸಿದ್ದಕ್ಕೆ ಪವರ್ ಜಾಸ್ತಿಯಾಯಿತು ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಶಬ್ದದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ನಮ್ಮ ರಾಜ್ಯದಲ್ಲೇ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಕಿತ್ತು ರಸ್ತೆಯಲ್ಲಿ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದಾರೆ. ರಾತ್ರಿ ಹನ್ನೊಂದಕ್ಕೆ ನಾವು ಬೀದಿಯಲ್ಲಿ ಬಂದರೆ ಯಾರದೋ ಮನೆಯ ಮಗು ಏಳುತ್ತದೆ, ಅಲ್ವಾ? ಕೊನೆಗೆ ನಾನು ಹಿಂದಿನ ಸೈಲೆನ್ಸರನ್ನೂ ಕಂಪನಿಯದಕ್ಕೇ ಬದಲಿಸಿದೆ, ಜೆ ಪೈಪ್ ತೆಗೆಸಿದೆ. ಇಷ್ಟು ಕಲಿತ ಮೇಲೂ ಹಾಗೆ ಮಾಡಿದ್ದಕ್ಕೆ ಬೇಸರವಿಲ್ಲ.

ನೀವು ಮಫ್ಲರ್ ಇಟ್ಟುಕೊಳ್ಳುವುದೇ ಆದರೆ ಕ್ರಮ ಇದು: ರಬ್ಬರ್ ಮತ್ತು ತಾಗುವಿಕೆ ನೋಡಿಸಿ, ಮಿಡ್ಲ್ ಸೈಲೆನ್ಸರ್ ವಾಪಸ್ ಹಾಕಿಸಿ, ಆಮೇಲೂ ಉಳಿದರೆ ಮಾತ್ರ ಜೆ ಪೈಪ್. ಎಷ್ಟು ಸಿಲಿಂಡರ್, ಯಾವ ಆರ್‌ಪಿಎಂ ಎಂದು ಕೆಳಗೆ ಬರೆಯಿರಿ, ಉದ್ದ ನಾನೇ ಲೆಕ್ಕ ಹಾಕಿ ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಆ ಅಂಗಡಿಗೆ ಫೋನ್ ಮಾಡಿ. ನಿಮ್ಮ ಕಾರಿನಿಂದ ಬಿಚ್ಚಿದ ಹಳೆಯ ಸಾಮಾನು ಇನ್ನೂ ಅವರ ಹತ್ತಿರ ಇದ್ದರೆ, ಗುಜರಿಗೆ ಹೋಗುವ ಮೊದಲು ಇವತ್ತೇ ಹೋಗಿ ತಂದಿಟ್ಟುಕೊಳ್ಳಿ.