ಕೊಡವ ಕವಿತೆಯನ್ನು ಕನ್ನಡಕ್ಕೆ ತರುವಾಗ ತೋಕ್‌ಪೂ ಎಂಬ ಹೂವಿನ ಬದಲು ಮಲ್ಲಿಗೆ ಎಂದು ಬರೆದರೆ ಓದುಗರಿಗೆ ಸುಲಭವಾಗುವುದಿಲ್ಲವೇ? ಅಥವಾ ಅಡಿಟಿಪ್ಪಣಿ ಕೊಡಬೇಕೇ?

ವಿರಾಜಪೇಟೆಯಲ್ಲಿ ಮೇಷ್ಟ್ರಾಗಿದ್ದಾಗ ನಾನೂ ಹೀಗೇ ಯೋಚಿಸುತ್ತಿದ್ದೆ. ಅಲ್ಲಿನ ಹಿರಿಯರೊಬ್ಬರು ತಮ್ಮ ಕವಿತೆಗಳ ನೋಟ್‌ಬುಕ್ಕನ್ನೇ ನನ್ನ ಕೈಗಿಟ್ಟಿದ್ದರು. ಅದರಲ್ಲೊಂದು ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಯಜಮಾನ ತೀರಿಕೊಂಡ ಬೆಳಗಿನದು. ಬೆಟ್ಟದಾಚೆ ಎರಡು ಗುಂಡು ಕೇಳುತ್ತವೆ. ಗದ್ದೆಯಲ್ಲಿದ್ದವರು ಕೈ ತೊಳೆದು ಹೊರಡುತ್ತಾರೆ. ಸಾವು ಎಂಬ ಮಾತು ಎಲ್ಲೂ ಇಲ್ಲ.

ಸಾಲು ಉದ್ದವಾಯಿತೆಂದು ನಾನು 'ಎರಡು' ಕಿತ್ತುಹಾಕಿ ಬರೀ 'ಗುಂಡಿನ ಸದ್ದು' ಎಂದು ಬರೆದೆ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಹಾರಿಸುವ ರೂಢಿ. ತೋಟ, ಗದ್ದೆಗಳ ನಡುವೆ ಮನೆಗಳು ದೂರದೂರ. ಸುದ್ದಿ ಹೇಳಲು ಹೊರಟವನಿಗಿಂತ ಮುಂಚೆ ಸುದ್ದಿ ಮುಟ್ಟುತ್ತಿದ್ದದ್ದು ಹಾಗೆ. ಎಷ್ಟು ಗುಂಡು ಎಂಬುದೇ ಸುದ್ದಿ! ಅದು ಹೋದ ಮೇಲೆ ನನ್ನ ಕನ್ನಡದಲ್ಲಿ ಯಾರೂ ಸತ್ತಿರಲಿಲ್ಲ. ಕವಿಗೊಮ್ಮೆ ಓದಿ ಹೇಳದೆ ಪತ್ರಿಕೆಗೆ ಕಳಿಸಿಬಿಟ್ಟೆ. ಓದಿದವರು ಬೇಟೆಯ ಪದ್ಯ ಅಂದುಕೊಂಡರು. ಆ ಹಿರಿಯರು ಬೈಯಲಿಲ್ಲ. "ಮೇಷ್ಟ್ರೇ, ಅದು ನನ್ನ ಅಪ್ಪ ಹೋದ ದಿನ" ಎಂದರು, ನೋಟ್‌ಬುಕ್ ವಾಪಸು ಕೇಳಿದರು. ಉಳಿದ ಕವಿತೆಗಳು ಕನ್ನಡಕ್ಕೆ ಬರಲೇ ಇಲ್ಲ.

ಹಾಗಾಗಿ ಮಲ್ಲಿಗೆ ಖಂಡಿತ ಬೇಡ. ತೋಕ್ ಅಂದರೆ ಕೋವಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗಿಟ್ಟ ಕೋವಿಯ ನಳಿಗೆಗೆ ಸಿಕ್ಕಿಸುವ ಹೂ ಅದು. ನಾವು ಅಗ್ನಿಶಿಖೆ ಅನ್ನುವ ಬಳ್ಳಿಯದೇ ಹೂವಾದರೂ, ಹಾಗೆ ಬರೆದರೂ ಕೋವಿ ಮಾಯವಾಗುತ್ತದೆ. 'ಕೋವಿಗೆ ಸಿಕ್ಕಿಸಿದ ತೋಕ್‌ಪೂ' ಎಂದು ಸಾಲಿನಲ್ಲೇ ಬರೆಯಿರಿ, ಅಡಿಟಿಪ್ಪಣಿಯ ಅಗತ್ಯವೇ ಬೀಳದು.

ಇನ್ನು, ಓದುಗರಿಗೆ ಸುಲಭವಾಗಲಿ ಎಂಬ ನಿಮ್ಮ ಕಾಳಜಿಯನ್ನೇ ನಾನು ಒಪ್ಪುವುದಿಲ್ಲ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಎಂದವರು 1,13,857 ಮಂದಿ. ಇಷ್ಟು ಜನರ ಭಾಷೆಯಿಂದ ತರುವಾಗ ಸ್ವಲ್ಪ ಕಷ್ಟಪಡಬೇಕಾದವರು ಕೋಟಿಗಟ್ಟಲೆ ಇರುವ ನಾವು. ಕೊಡವ ಜನಪದ ಹಾಡುಗಳ ಸಂಗ್ರಹವಾದ 1924ರ 'ಪಟ್ಟೋಲೆ ಪಳಮೆ' ಅಚ್ಚಾದದ್ದೂ ಕನ್ನಡ ಲಿಪಿಯಲ್ಲೇ. ಮೂಲವನ್ನು ಎಡಪುಟದಲ್ಲಿ ಹಾಕಿದರೆ ಅರ್ಥವಾಗದಿದ್ದರೂ ಯಾವ ಕನ್ನಡಿಗನೂ ಬಾಯಿಬಿಟ್ಟು ಓದಬಲ್ಲ. ಪುಟ ಜಾಸ್ತಿಯಾಗುತ್ತದೆ ಎಂದು ಪ್ರಕಾಶಕರು ತಕರಾರು ತೆಗೆದರೆ ಕವಿತೆಗಳನ್ನು ಕಡಿಮೆ ಮಾಡಿ, ಮೂಲವನ್ನು ಮಾತ್ರ ಬಿಡಬೇಡಿ.